ಮುದಿ ಪ್ರಿಂಟರ್, ಹೊಸ ಕಂಪ್ಯೂಟರ್, ನಡುವೆ ಒಂದು ಎಕ್ಸ್‌ಪಿ

ಬೆಂಗಳೂರಿನ ಸುಲ್ತಾನ್‌ಪೇಟೆಯ ಲಗ್ನಪತ್ರಿಕೆ ಅಂಗಡಿಗಳ ಹಿಂಬದಿಯಲ್ಲೋ, ಯಾವುದಾದರೂ ತಾಲ್ಲೂಕು ಕಚೇರಿ ಎದುರಿನ ಡಿಟಿಪಿ ಸೆಂಟರಿನಲ್ಲೋ ಒಮ್ಮೆ ಕಣ್ಣಾಡಿಸಿ. ಮಾನಿಟರ್ ಹೊಸದು, ಮೌಸ್ ಹೊಸದು, ಮಾಲೀಕರ ಕೈಯಲ್ಲಿರುವ ಮೊಬೈಲ್ ತೀರಾ ಹೊಸದು. ಮೂಲೆಯ ಪ್ರಿಂಟರಿಗೆ ಮಾತ್ರ ಇಪ್ಪತ್ತು ವರ್ಷ ದಾಟಿರುತ್ತದೆ. ಬಿಳಿ ಮೈ ಹಳದಿಗೆ ತಿರುಗಿದೆ, ಕಾಗದದ ಟ್ರೇಗೆ ಸೆಲ್ಲೋಟೇಪಿನ ಪಟ್ಟಿ ಬಿದ್ದಿದೆ. ಆದರೂ ಬಟರ್ ಪೇಪರ್ ತೂರಿಸಿದರೆ ಅಕ್ಷರಗಳು ಅಚ್ಚುಕಟ್ಟಾಗಿ, ಕಡುಗಪ್ಪಾಗಿ ಮೂಡುತ್ತವೆ. ಸ್ಕ್ರೀನ್ ಪ್ರಿಂಟಿಂಗಿಗೂ ಆಫ್‌ಸೆಟ್ ಪ್ಲೇಟಿಗೂ ಬೇಕಾಗಿರುವುದು ಆ ಕಪ್ಪೇ. ಹಾಗಾಗಿ ಅದನ್ನು ಯಾರೂ ಎತ್ತಿ ಹೊರಗಿಡುವುದಿಲ್ಲ.

ತೊಂದರೆ ಶುರುವಾಗುವುದು ಪ್ರಿಂಟರ್ ಕೆಟ್ಟಾಗ ಅಲ್ಲ, ಅದರ ಜೊತೆಗಿದ್ದ ಕಂಪ್ಯೂಟರ್ ಕೆಟ್ಟಾಗ. ಮದರ್‌ಬೋರ್ಡ್ ಹೋಗುತ್ತದೆ, ಹೊಸ ಸಿಸ್ಟಂ ಬರುತ್ತದೆ, ಅದರಲ್ಲಿ ವಿಂಡೋಸ್ 11 ಇರುತ್ತದೆ. ಯುಎಸ್‌ಬಿ ಕೇಬಲ್ ಚುಚ್ಚಿದರೆ ‘ಟಿಂಗ್’ ಎಂದು ಸದ್ದೇನೋ ಬರುತ್ತದೆ, ಮುಂದಕ್ಕೆ ಏನೂ ಇಲ್ಲ. ಅಂಥ ಒಂದು ಅಂಗಡಿಯಲ್ಲಿ ನಾನು ಕೂತಿದ್ದಾಗ ಸರ್ವೀಸಿನ ಹುಡುಗ ತೀರ್ಪು ಕೊಟ್ಟೇಬಿಟ್ಟ: “ಇದಕ್ಕೆ ಡ್ರೈವರ್ ಬರಲ್ಲ ಸಾರ್, ಹೊಸದು ತಗೊಂಬಿಡಿ.” ಮಾಲೀಕರು ಜಗ್ಗಲಿಲ್ಲ. “ನಿನ್ನೆವರೆಗೂ ಓಡ್ತಿತ್ತಲ್ಲಪ್ಪ, ರಾತ್ರೋರಾತ್ರಿ ಅದಕ್ಕೇನು ರೋಗ ಬಂತು?” ಎಂದರು.

ಅವರ ಪ್ರಶ್ನೆಯಲ್ಲಿ ನ್ಯಾಯವಿದೆ. ಅಲ್ಲಿದ್ದದ್ದು ಕ್ಯಾನನ್ ಎಲ್‌ಬಿಪಿ-1120. ಈ ಮಾದರಿಗೂ ಇದರ ಅಣ್ಣ ಎಲ್‌ಬಿಪಿ-810ಕ್ಕೂ ವಿಂಡೋಸಿನ 32 ಬಿಟ್ ಡ್ರೈವರುಗಳಿವೆ. 64 ಬಿಟ್ ಡ್ರೈವರ್ ಬರಲೇ ಇಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಎಂದರೆ ಪ್ರಿಂಟರಿನ ಮೋಟಾರು, ಡ್ರಮ್ಮು, ಲೇಸರು, ಫ್ಯೂಸರು ಎಲ್ಲವೂ ಗಟ್ಟಿಮುಟ್ಟಾಗಿವೆ. ಸತ್ತಿರುವುದು ಅದರೊಡನೆ ಮಾತಾಡಬಲ್ಲ ದುಭಾಷಿ ಮಾತ್ರ. ಆ ದುಭಾಷಿಯನ್ನು ಹೊಸ ಕಂಪ್ಯೂಟರಿನ ಒಳಗೇ ಒಂದು ಕೋಣೆ ಮಾಡಿ ಕೂರಿಸಬಹುದು. ಆ ಕೋಣೆಯ ಹೆಸರು ವರ್ಚುವಲ್ ಮಷೀನ್.

ಬುದ್ಧಿ ಇದ್ದ ಪ್ರಿಂಟರು, ಬುದ್ಧಿ ಕಳಚಿಕೊಂಡ ಪ್ರಿಂಟರು

ಮೊದಮೊದಲ ಲೇಸರ್ ಪ್ರಿಂಟರುಗಳಿಗೆ ಇಂಥ ಪರಾವಲಂಬನೆ ಇರಲಿಲ್ಲ. 1984ರಲ್ಲಿ ಬಂದ ಎಚ್‌ಪಿ ಲೇಸರ್‌ಜೆಟ್ ಪಿಸಿಎಲ್ ಎಂಬ ಭಾಷೆಯನ್ನು ತಾನೇ ಅರ್ಥಮಾಡಿಕೊಳ್ಳುತ್ತಿತ್ತು. ಮರುವರ್ಷ ಆಪಲ್ ತಂದ ಲೇಸರ್‌ರೈಟರ್ ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ ಭಾಷೆ ಬಲ್ಲದ್ದು. ಅದರ ಹೊಟ್ಟೆಯಲ್ಲಿದ್ದ ಪ್ರೊಸೆಸರ್ 12 ಮೆಗಾಹರ್ಟ್ಸ್ ವೇಗದ್ದು. ಅದಕ್ಕೆ ಆಜ್ಞೆ ಕೊಡುತ್ತಿದ್ದ ಮ್ಯಾಕಿಂಟಾಷ್‌ನದು ಬರೀ 8. ಆಳಿಗಿಂತ ಯಜಮಾನನೇ ನಿಧಾನ! ಬೆಲೆಯೂ ಹಾಗೇ ಇತ್ತು, ಸುಮಾರು 7,000 ಡಾಲರ್. ಅಂಥ ಪ್ರಿಂಟರಿಗೆ ‘ಈ ಜಾಗದಲ್ಲಿ, ಈ ಅಳತೆಯಲ್ಲಿ, ಈ ಅಕ್ಷರ’ ಎಂದು ಹೇಳಿದರೆ ಸಾಕು; ಚುಕ್ಕಿಗಳನ್ನು ಜೋಡಿಸಿಕೊಳ್ಳುವುದು ಅದರ ಪಾಡು.

ಆಮೇಲೆ ಕಂಪ್ಯೂಟರುಗಳು ಚುರುಕಾದವು, ಪ್ರಿಂಟರ್ ತಯಾರಕರಿಗೆ ಖರ್ಚು ಉಳಿಸುವ ದಾರಿ ಕಂಡಿತು. ಪುಟವನ್ನು ಚುಕ್ಕಿಗಳಾಗಿ ಒಡೆಯುವ ಕೆಲಸ ಕಂಪ್ಯೂಟರೇ ಮಾಡಲಿ, ಪ್ರಿಂಟರಿನೊಳಗೆ ದುಬಾರಿ ಪ್ರೊಸೆಸರೂ ಮೆಮೊರಿಯೂ ಏಕೆ? ಹೀಗೆ ಹುಟ್ಟಿದವೇ ನಮ್ಮ ಊರೂರುಗಳಲ್ಲಿ ಕಾಣುವ ಪುಟ್ಟ ಲೇಸರ್ ಪ್ರಿಂಟರುಗಳು. ಎಚ್‌ಪಿ ಲೇಸರ್‌ಜೆಟ್ 1018, 1020, ಕ್ಯಾನನ್ ಎಲ್‌ಬಿಪಿ 2900 ಎಲ್ಲ ಇದೇ ಸಂತಾನ.

ಇವುಗಳ ಸ್ಥಿತಿ ಎಷ್ಟು ಬಿಗಿ ಎಂದು ತಿಳಿಯಲು ಸಣ್ಣ ಲೆಕ್ಕ ಸಾಕು. ಎ4 ಹಾಳೆಯನ್ನು ಅಂಗುಲಕ್ಕೆ 600 ಚುಕ್ಕಿಯಂತೆ ಬಿಡಿಸಿದರೆ ಅಡ್ಡಕ್ಕೆ ಸುಮಾರು 4,960, ಉದ್ದಕ್ಕೆ ಸುಮಾರು 7,016 ಚುಕ್ಕಿಗಳು. ಗುಣಿಸಿದರೆ ಮೂರೂವರೆ ಕೋಟಿಯ ಹತ್ತಿರ. ಒಂದೊಂದು ಚುಕ್ಕಿಗೆ ಒಂದೊಂದು ಬಿಟ್ ಎಂದರೂ 4 ಎಂಬಿಗಿಂತ ಹೆಚ್ಚು. ಲೇಸರ್‌ಜೆಟ್ 1020ರ ಮೆಮೊರಿ 2 ಎಂಬಿ. ಒಂದು ಪುಟ ಬಿಚ್ಚಿಟ್ಟರೆ ಅದರೊಳಗೆ ಹಿಡಿಸುವುದೇ ಇಲ್ಲ! ಹಾಗಾಗಿ ಕಂಪ್ಯೂಟರು ಚುಕ್ಕಿಗಳನ್ನು ಅದುಮಿ, ಗಂಟು ಕಟ್ಟಿ ಕಳಿಸಬೇಕು. ಡ್ರಮ್ ತಿರುಗುತ್ತಿರುವಾಗಲೇ ಪ್ರಿಂಟರು ಅದನ್ನು ಬಿಚ್ಚುತ್ತಾ ಹೋಗಬೇಕು. ಗಂಟು ಕಟ್ಟುವ ಕ್ರಮ ಎಚ್‌ಪಿಯದು ಒಂದು, ಕ್ಯಾನನ್‌ನದು ಇನ್ನೊಂದು. ಆ ಗುಟ್ಟು ಗೊತ್ತಿರುವುದು ಡ್ರೈವರಿಗೆ ಮಾತ್ರ. ತಮಾಷೆಯೆಂದರೆ, ಈ ಎರಡೂ ಬಳಗದ ಪ್ರಿಂಟರುಗಳ ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. ಎಚ್‌ಪಿಗೆ ಲೇಸರ್ ಎಂಜಿನ್ ಮಾಡಿಕೊಡುತ್ತಿದ್ದದ್ದೇ ಕ್ಯಾನನ್. ರೀಫಿಲ್ ಅಂಗಡಿಯವರು ‘12ಎ’ ಮತ್ತು ‘303’ ಎಂದು ಎರಡು ಹೆಸರು ಬರೆದ ಒಂದೇ ಡಬ್ಬಿಯಿಂದ ಟೋನರ್ ಸುರಿಯುವುದು ಇದೇ ಕಾರಣಕ್ಕೆ. ಮೈ ಒಂದೇ ಆದರೂ ಒಂದರ ಡ್ರೈವರ್ ಇನ್ನೊಂದಕ್ಕೆ ನಡೆಯದು.

ಈ 12ಎ ಕಾರ್ಟ್ರಿಜ್ಜಿನಲ್ಲಿ ಚಿಪ್ ಇಲ್ಲ. ಈಚಿನ ಎಷ್ಟೋ ಪ್ರಿಂಟರುಗಳು ಕಾರ್ಟ್ರಿಜ್ಜಿನ ಚಿಪ್ ಓದಿ, ಹೊರಗಿನವರ ಟೋನರ್ ಎಂದು ಗೊತ್ತಾದರೆ ಮುಷ್ಕರ ಹೂಡುತ್ತವೆ. ಮುದಿ ಪ್ರಿಂಟರನ್ನು ಬಿಟ್ಟುಕೊಡಲು ಡಿಟಿಪಿಯವರು ಒಪ್ಪದಿರುವುದು ಬರೀ ಅಭಿಮಾನದಿಂದಲ್ಲ, ಪುಟಕ್ಕೆ ಎಷ್ಟು ಪೈಸೆ ಬೀಳುತ್ತದೆಂಬ ಲೆಕ್ಕ ಅವರಿಗೆ ಬಾಯಿಪಾಠ.

ಡ್ರೈವರು ಯಾಕೆ ಸಾಯುತ್ತದೆ

ಡ್ರೈವರ್ ಒಂದು ಸಾಮಾನ್ಯ ಪ್ರೋಗ್ರಾಂ ಅಲ್ಲ. ಅದು ಆಪರೇಟಿಂಗ್ ಸಿಸ್ಟಂನ ಒಳಮನೆಗೆ ಹೋಗಿ ಕೂರುವ ತುಣುಕು. ಒಳಮನೆ 64 ಬಿಟ್ಟಿಗೆ ಬದಲಾದರೆ 32 ಬಿಟ್ಟಿನ ಡ್ರೈವರಿಗೆ ಪ್ರವೇಶವಿಲ್ಲ. ವಿಂಡೋಸ್ ವಿಸ್ತಾದ 64 ಬಿಟ್ ಆವೃತ್ತಿಯಿಂದ ಈಚೆಗೆ ಕರ್ನಲ್ಲಿಗೆ, ಅಂದರೆ ಸಿಸ್ಟಂನ ತಿರುಳಿಗೆ, ಸೇರುವ ಡ್ರೈವರುಗಳಿಗೆ ಡಿಜಿಟಲ್ ಸಹಿಯೂ ಕಡ್ಡಾಯವಾಯಿತು. ಮಾರುಕಟ್ಟೆಯಿಂದ ಹೋಗಿಯೇ ಬಿಟ್ಟಿರುವ ಮಾದರಿಗೆ ಹೊಸದಾಗಿ ಡ್ರೈವರ್ ಬರೆದು, ಪರೀಕ್ಷಿಸಿ, ಸಹಿ ಹಾಕಿಸಿ ಕೊಡಲು ಯಾವ ಕಂಪನಿಗೂ ಲಾಭವಿಲ್ಲ. ಹೊಸ ಪ್ರಿಂಟರ್ ಮಾರಿದರೆ ಇದೆ.

ಇದರ ಮೇಲೆ ಭದ್ರತೆಯ ತಲೆನೋವು. 2021ರ ನಡುವಿನಲ್ಲಿ ‘ಪ್ರಿಂಟ್‌ನೈಟ್‌ಮೇರ್’ ಎಂಬ ದೋಷ ಬಯಲಾಯಿತು: ವಿಂಡೋಸಿನ ಪ್ರಿಂಟ್ ಸ್ಪೂಲರ್ ಮೂಲಕ, ಡ್ರೈವರ್ ಹಾಕುವ ನೆಪದಲ್ಲಿ ಹೊರಗಿನವರು ಇಡೀ ಕಂಪ್ಯೂಟರನ್ನೇ ವಶಮಾಡಿಕೊಳ್ಳಬಹುದಿತ್ತು. ಪ್ರಿಂಟರ್ ಕಂಪನಿಗಳ ಹಳೆಯ ಬಗೆಯ ಡ್ರೈವರುಗಳಿಗೆ ಹಂತಹಂತವಾಗಿ ಬೆಂಬಲ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲಿ ಸಾರಿತು. ಇನ್ನು ಮುಂದೆ ಪ್ರಿಂಟರ್ ತಾನೇ ಐಪಿಪಿ ಎಂಬ ಸಾಮಾನ್ಯ ಭಾಷೆ ಕಲಿತುಕೊಂಡು ಬರಬೇಕು ಎಂಬುದು ಅದರ ಆಶಯ. ದಾರಿ ಸರಿಯಾದದ್ದೇ. ಆದರೆ ಇಪ್ಪತ್ತು ವರ್ಷದ ಹಿಂದೆ ಹುಟ್ಟಿದ ಯಂತ್ರ ಈಗ ಎಲ್ಲಿ ಹೋಗಿ ಭಾಷೆ ಕಲಿಯಬೇಕು?

ಈ ಜಗಳ ಹೊಸದೇನಲ್ಲ. 1980ರ ಆಸುಪಾಸಿನಲ್ಲಿ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿ ಒಂದು ಲೇಸರ್ ಪ್ರಿಂಟರ್ ಕೊಟ್ಟಿತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್‌ಮನ್ ಹಿಂದಿನ ಪ್ರಿಂಟರಿನ ತಂತ್ರಾಂಶ ತಿದ್ದಿ, ಕಾಗದ ಸಿಕ್ಕಿಕೊಂಡರೆ ಪ್ರಿಂಟಿಗಾಗಿ ಕಾಯುತ್ತಿದ್ದವರೆಲ್ಲರ ಪರದೆಗೂ ಸುದ್ದಿ ಮುಟ್ಟುವಂತೆ ಮಾಡಿದ್ದರು. ಹೊಸದಕ್ಕೂ ಹಾಗೇ ಮಾಡಹೊರಟರೆ ಅದರ ಮೂಲ ಸಂಕೇತವನ್ನು ಯಾರೂ ಕೊಡಲಿಲ್ಲ. ಆ ಸಿಟ್ಟು ಅವರ ಮನಸ್ಸಿನಿಂದ ಹೋಗಲಿಲ್ಲ. 1983ರಲ್ಲಿ ಅವರು ಆರಂಭಿಸಿದ ಗ್ನೂ ಯೋಜನೆಯ ಹಿಂದಿನ ಕಾರಣಗಳಲ್ಲಿ ಇದೂ ಒಂದು ಎಂದು ಅವರೇ ಹಲವು ಸಲ ಹೇಳಿಕೊಂಡಿದ್ದಾರೆ. ಜಗತ್ತಿನ ಮುಕ್ತ ತಂತ್ರಾಂಶ ಚಳವಳಿಗೆ ಪ್ರಿಂಟರ್ ಡ್ರೈವರೂ ಒಂದು ಕಿಡಿ ಕೊಟ್ಟಿದೆ.

ಕಂಪ್ಯೂಟರಿನೊಳಗೆ ಕಂಪ್ಯೂಟರು

ವರ್ಚುವಲ್ ಮಷೀನ್ ಎಂದರೆ ತಂತ್ರಾಂಶದಿಂದಲೇ ಕಟ್ಟಿದ ಕಂಪ್ಯೂಟರು. ಅದರ ಹಾರ್ಡ್‌ಡಿಸ್ಕ್ ಎಂಬುದು ನಿಮ್ಮ ನಿಜವಾದ ಡಿಸ್ಕಿನಲ್ಲಿರುವ ಒಂದು ದೊಡ್ಡ ಫೈಲ್; ಅದರ ಪರದೆ ಒಂದು ಕಿಟಕಿ. 32 ಬಿಟ್ ಡ್ರೈವರಿಗೆ ಒಗ್ಗುವ ಹಳೆಯ ವಿಂಡೋಸ್ ಎಕ್ಸ್‌ಪಿಯನ್ನು ಅದರೊಳಗೆ ಕೂರಿಸಿದರೆ, ಅದಕ್ಕೆ ತಾನು ಇನ್ನೊಂದರ ಹೊಟ್ಟೆಯೊಳಗಿದ್ದೇನೆಂಬ ಸುಳಿವೇ ಇರುವುದಿಲ್ಲ. ಐಬಿಎಂ 1972ರಲ್ಲಿ ತಂದ ವಿಎಂ/370ಯಲ್ಲೇ ಈ ಏರ್ಪಾಡು ಇತ್ತು. ಪ್ರತಿ ಬಳಕೆದಾರನಿಗೂ ಒಂದು ಮಾಯಾ ಕಂಪ್ಯೂಟರು, ಅದಕ್ಕೊಂದು ಮಾಯಾ ಕಾರ್ಡ್ ರೀಡರು, ಒಂದು ಮಾಯಾ ಪ್ರಿಂಟರು! ಮಾಯಾ ಪ್ರಿಂಟರಿಗೆ ಹೋದದ್ದು ಸರದಿಯಲ್ಲಿ ನಿಂತು ನಿಜವಾದ ಪ್ರಿಂಟರಿನಿಂದ ಹೊರಬರುತ್ತಿತ್ತು. ಇವತ್ತು ಮನೆ ಬಳಕೆಗೆ ವರ್ಚುವಲ್‌ಬಾಕ್ಸ್ ಪುಕ್ಕಟೆ ಸಿಗುತ್ತದೆ. ವಿಎಂವೇರ್, ಕ್ಯೂಇಎಂಯು ಕೂಡ ಇವೆ. ವಿಂಡೋಸ್ ಪ್ರೊ ಜೊತೆಗೇ ಬರುವ ಹೈಪರ್-ವಿ ಈ ಕೆಲಸಕ್ಕೆ ಬೇಡ. ಯುಎಸ್‌ಬಿ ಪ್ರಿಂಟರನ್ನು ನೇರವಾಗಿ ಒಳಗೆ ದಾಟಿಸಲು ಅದರಲ್ಲಿ ಅನುಕೂಲವಿಲ್ಲ.

ಡಿಟಿಪಿಯವರಿಗೆ ಎಕ್ಸ್‌ಪಿ ಬೇಕಾಗುವುದಕ್ಕೆ ಪ್ರಿಂಟರ್ ಒಂದೇ ಕಾರಣವಲ್ಲ. ಕನ್ನಡದ ಪುಸ್ತಕ, ಕರಪತ್ರ, ಲಗ್ನಪತ್ರಿಕೆಗಳು ವರ್ಷಗಟ್ಟಲೆ ಪೇಜ್‌ಮೇಕರಿನಲ್ಲಿ, ನುಡಿ ಅಥವಾ ಶ್ರೀಲಿಪಿ ಅಕ್ಷರಗಳಲ್ಲಿ ತಯಾರಾಗಿವೆ. ಪೇಜ್‌ಮೇಕರಿನ ಕೊನೆಯ ಆವೃತ್ತಿ 7.0 ಬಂದದ್ದು 2001ರಲ್ಲಿ. ಅದಕ್ಕೆ ಯೂನಿಕೋಡ್ ತಿಳಿಯದು. ಆ ಕಾಲದ ಫೈಲುಗಳನ್ನು ಬೇರೆಡೆ ತೆರೆದರೆ ಕನ್ನಡದ ಜಾಗದಲ್ಲಿ ತಲೆಬುಡವಿಲ್ಲದ ರೋಮನ್ ಅಕ್ಷರಗಳ ಸಂತೆ. ಹಾಗಾಗಿ ಎಕ್ಸ್‌ಪಿ, ಪೇಜ್‌ಮೇಕರ್, ನುಡಿ, ಹಳೆಯ ಪ್ರಿಂಟರ್ ಈ ನಾಲ್ಕೂ ಒಂದೇ ಕುಟುಂಬ. ಒಟ್ಟಿಗೇ ಮನೆ ಬದಲಿಸಿದರೆ ಎಲ್ಲರಿಗೂ ಕ್ಷೇಮ.

ಮೊದಲ ದಾರಿ: ಪ್ರಿಂಟರನ್ನೇ ಒಳಗೆ ದಾಟಿಸುವುದು

ಎಲ್‌ಬಿಪಿ-1120ರಂಥ ಅನಾಥರಿಗೆ ಇದೇ ದಾರಿ. ವರ್ಚುವಲ್‌ಬಾಕ್ಸಿನಲ್ಲಿ ಎಕ್ಸ್‌ಪಿಗೆ 512 ಎಂಬಿ ಮೆಮೊರಿ, 10 ಜಿಬಿ ಡಿಸ್ಕ್ ಕೊಟ್ಟರೆ ಧಾರಾಳ. ಆಮೇಲೆ ಕಷ್ಟಕೊಡುವುದು ಯುಎಸ್‌ಬಿ ಪುಟ. ಅಲ್ಲಿ 1.1, 2.0, 3.0 ಎಂದು ಮೂರು ಆಯ್ಕೆಗಳಿವೆ. ಹೊಸದೇ ಒಳ್ಳೆಯದಲ್ಲವೇ ಎಂದು 3.0 ಆರಿಸಿದರೆ ಎಕ್ಸ್‌ಪಿಗೆ ಏನೂ ಕಾಣಿಸದು, ಏಕೆಂದರೆ ಅದರ ಕಾಲದಲ್ಲಿ 3.0 ಹುಟ್ಟಿರಲಿಲ್ಲ. 2.0 ಆರಿಸಬೇಕು. ವರ್ಚುವಲ್‌ಬಾಕ್ಸ್ 7ಕ್ಕಿಂತ ಹಿಂದಿನ ಆವೃತ್ತಿಯಾದರೆ 2.0ಕ್ಕೆ ‘ಎಕ್ಸ್‌ಟೆನ್ಷನ್ ಪ್ಯಾಕ್’ ಎಂಬ ಬಾಲವನ್ನೂ ಬೇರೆಯಾಗಿ ಇಳಿಸಿಕೊಳ್ಳಬೇಕು. ಹೊರಗಿನ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದರೆ, ಬಳಕೆದಾರರ ಹೆಸರು ‘ವಿಬಾಕ್ಸ್‌ಯೂಸರ್ಸ್’ ಎಂಬ ಗುಂಪಿಗೆ ಸೇರಿರಬೇಕು; ಇಲ್ಲವಾದರೆ ಯುಎಸ್‌ಬಿ ಪಟ್ಟಿ ಖಾಲಿ ಬರುತ್ತದೆ, ಯಾಕೆಂದು ಯಾರೂ ಹೇಳುವುದಿಲ್ಲ.

ಇಷ್ಟಾದ ಮೇಲೆ ಎಕ್ಸ್‌ಪಿ ಓಡುತ್ತಿರುವಾಗ ಮೇಲಿನ ‘ಡಿವೈಸಸ್’ ಮೆನುವಿನಲ್ಲಿ ಯುಎಸ್‌ಬಿ ತೆರೆದು, ಪ್ರಿಂಟರಿನ ಹೆಸರಿನ ಮುಂದೆ ಟಿಕ್ ಹಾಕಬೇಕು. ಹಾಕಿದ ಕೂಡಲೇ ಹೊರಗಿನ ವಿಂಡೋಸಿಗೆ ಪ್ರಿಂಟರ್ ಮಾಯ, ಒಳಗಿನ ಎಕ್ಸ್‌ಪಿಯ ಮೂಲೆಯಲ್ಲಿ ‘ಹೊಸ ಹಾರ್ಡ್‌ವೇರ್ ಸಿಕ್ಕಿದೆ’ ಎಂಬ ಹಳದಿ ಗುಳ್ಳೆ. ಪ್ರಿಂಟರ್ ಒಬ್ಬರ ಕೈಯಲ್ಲಿ ಮಾತ್ರ ಇರಬಲ್ಲದು. ಒಳಗಿದ್ದಾಗ ಹೊರಗಿಲ್ಲ, ಹೊರಗಿದ್ದಾಗ ಒಳಗಿಲ್ಲ. ಇನ್ನು ಸಿಡಿಯ ಡ್ರೈವರ್ ಹಾಕುವುದು, ಹಿಂದೆ ಮಾಡುತ್ತಿದ್ದಂತೆಯೇ.

ಲೇಸರ್‌ಜೆಟ್ 1018, 1020 ಇಲ್ಲೊಂದು ಆಟ ಆಡುತ್ತವೆ. ಇವುಗಳಿಗೆ ಸ್ವಿಚ್ ಹಾಕಿದಾಗ ತಲೆ ಖಾಲಿ. ತಮ್ಮ ಕೆಲಸದ ಪ್ರೋಗ್ರಾಂ ಕೂಡ ಅವುಗಳ ಬಳಿ ಇರುವುದಿಲ್ಲ. ಡ್ರೈವರ್ ಪ್ರತಿಸಲವೂ ಅದನ್ನು, ಅಂದರೆ ಫರ್ಮ್‌ವೇರನ್ನು, ಕೇಬಲ್ ಮೂಲಕ ಕಳಿಸುತ್ತದೆ. ಅದು ಸಿಕ್ಕಿದೊಡನೆ ಪ್ರಿಂಟರು ಯುಎಸ್‌ಬಿ ಸಂಪರ್ಕ ಕಡಿದುಕೊಂಡು ಮತ್ತೆ ಸೇರಿಕೊಳ್ಳುತ್ತದೆ. ಕೇಬಲ್ ಕಿತ್ತು ಮತ್ತೆ ಚುಚ್ಚಿದ ಹಾಗೆ. ಆ ಗಳಿಗೆಯಲ್ಲಿ ಹೊರಗಿನ ಕಂಪ್ಯೂಟರು ಅದನ್ನು ಕಸಿದುಕೊಂಡರೆ ಒಳಗಿನ ಎಕ್ಸ್‌ಪಿ ಪಿಳಿಪಿಳಿ ಕಣ್ಣು ಬಿಡುತ್ತದೆ. ಇದಕ್ಕೆ ಮದ್ದು ‘ಯುಎಸ್‌ಬಿ ಫಿಲ್ಟರ್’. ಇಂಥ ಗುರುತಿನ ಸಾಧನ ಯಾವಾಗ ಕಂಡರೂ ನೇರ ಒಳಗೆ ಕಳಿಸು ಎಂಬ ಶಾಶ್ವತ ಆದೇಶ ಅದು. ಫಿಲ್ಟರಿನಲ್ಲಿ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎರಡನ್ನು ಮಾತ್ರ ಉಳಿಸಿ, ಸೀರಿಯಲ್ ನಂಬರು, ರಿವಿಷನ್ ಎಲ್ಲ ಅಳಿಸಿಬಿಡಬೇಕು. ಗುರುತು ಸಡಿಲವಾಗಿದ್ದಷ್ಟೂ, ಮತ್ತೆ ಕಾಣಿಸಿಕೊಂಡ ಪ್ರಿಂಟರ್ ತಪ್ಪಿಸಿಕೊಳ್ಳುವುದಿಲ್ಲ. ಲೇಸರ್‌ಜೆಟ್ 1020ರ ಸಂಖ್ಯೆಗಳು 03ಎಫ್0 ಮತ್ತು 2ಬಿ17. ಎಲ್‌ಬಿಪಿ 2900ರವು 04ಎ9 ಮತ್ತು 2676.

ಹೊರಗಿನ ವಿಂಡೋಸ್ 11ರಿಂದ ಇದೇ ಪ್ರಿಂಟರಿಗೆ ಕಳಿಸುವುದು ಹೇಗೆ? ಎಕ್ಸ್‌ಪಿಯಲ್ಲಿ ಪ್ರಿಂಟರನ್ನು ನೆಟ್‌ವರ್ಕಿನಲ್ಲಿ ಹಂಚಿಕೊಂಡರಾಯಿತು ಎಂದು ಎಷ್ಟೋ ಮಂದಿ ಸಲಹೆ ಕೊಡುತ್ತಾರೆ. ನನಗೆ ಅದು ಹಿಡಿಸದು. ಹಾಗೆ ಹಂಚಿಕೊಳ್ಳಲು ವಿಂಡೋಸ್ ಬಳಸುವ ಎಸ್‌ಎಂಬಿ ಎಂಬ ಕ್ರಮದಲ್ಲಿ ಎಕ್ಸ್‌ಪಿಗೆ ಗೊತ್ತಿರುವುದು ಮೊದಲ ಆವೃತ್ತಿ ಮಾತ್ರ. 2017ರ ಮೇ ತಿಂಗಳಲ್ಲಿ ವಾನ್ನಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ಹಬ್ಬಿದ್ದು ಅದೇ ಬಾಗಿಲಿನಿಂದ. ಹೊಸ ವಿಂಡೋಸಿನಲ್ಲಿ ಆ ಬಾಗಿಲಿಗೆ ಬೀಗ ಹಾಕಿರುವುದು ಸುಮ್ಮನೆ ಅಲ್ಲ, ಪ್ರಿಂಟಿಗಾಗಿ ಅದನ್ನು ಒಡೆಯಬೇಡಿ. ಇದಕ್ಕಿಂತ ಸರಳ ಉಪಾಯವಿದೆ. ಒಳಗೂ ಹೊರಗೂ ಕಾಣುವ ಒಂದು ಹಂಚಿಕೆಯ ಫೋಲ್ಡರ್ ಮಾಡಿ, ಹೊರಗಿನಿಂದ ಪಿಡಿಎಫ್ ಹಾಕಿ, ಒಳಗಿನಿಂದ ಪ್ರಿಂಟ್ ಕೊಡಿ. ಅಕ್ಷರಗಳನ್ನು ಪಿಡಿಎಫ್ ತನ್ನೊಳಗೇ ಹೊತ್ತು ತರುವುದರಿಂದ ಇಂದಿನ ಯೂನಿಕೋಡ್ ಕನ್ನಡ ಕೂಡ ಎಕ್ಸ್‌ಪಿಯಿಂದ ಒತ್ತಕ್ಷರ ಕೆಡದೆ ಬರುತ್ತದೆ. ಎಕ್ಸ್‌ಪಿಯಲ್ಲಿ ಪಿಡಿಎಫ್ ತೆರೆಯಲು ಹಳೆಯ ಸುಮಾತ್ರಾ ಪಿಡಿಎಫ್ 3.1.2 ಸಾಕು.

ಎರಡನೆಯ ದಾರಿ: ಒಳಗಿನವನಿಗೆ ಪೋಸ್ಟ್‌ಸ್ಕ್ರಿಪ್ಟ್ ಕೊಡುವುದು

ಪ್ರಿಂಟರಿಗೆ ಹೊರಗಿನ ಕಂಪ್ಯೂಟರಿನಲ್ಲಿ ಡ್ರೈವರ್ ಇದ್ದು, ಹಳೆಯ ತಂತ್ರಾಂಶ ಮಾತ್ರ ಒಳಗಿದ್ದರೆ ಪ್ರಿಂಟರನ್ನು ದಾಟಿಸುವ ಗೊಡವೆಯೇ ಬೇಡ. ಎಕ್ಸ್‌ಪಿಯ ಪಟ್ಟಿಯಲ್ಲಿರುವ ಯಾವುದಾದರೊಂದು ಸಾಮಾನ್ಯ ಪೋಸ್ಟ್‌ಸ್ಕ್ರಿಪ್ಟ್ ಪ್ರಿಂಟರನ್ನು ಸೇರಿಸಿ, ವಿಳಾಸ ಮಾತ್ರ ಹೊರಗಿನ ಕಂಪ್ಯೂಟರಿನದು ಕೊಡಬೇಕು. ಒಳಗಿನವನು ಶುದ್ಧ ಪೋಸ್ಟ್‌ಸ್ಕ್ರಿಪ್ಟ್ ಕಳಿಸುತ್ತಾನೆ, ಹೊರಗಿನವನು ಅದನ್ನು ನಿಜವಾದ ಪ್ರಿಂಟರಿನ ಚುಕ್ಕಿಗಳಾಗಿ ಬದಲಿಸುತ್ತಾನೆ. ಹೊರಗೆ ಲಿನಕ್ಸ್ ಇದ್ದರೆ ಇದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಮೈಕಲ್ ಸ್ವೀಟ್ ಬರೆದು 1999ರಲ್ಲಿ ಬಿಡುಗಡೆ ಮಾಡಿದ ‘ಕಪ್ಸ್’ ಎಂಬ ಪ್ರಿಂಟ್ ವ್ಯವಸ್ಥೆಗೆ ಇದೇ ಕಸುಬು. ವರ್ಚುವಲ್‌ಬಾಕ್ಸಿನ ಮಾಮೂಲಿ ನೆಟ್‌ವರ್ಕ್ ಏರ್ಪಾಡಿನಲ್ಲಿ ಒಳಗಿನವನಿಗೆ ಹೊರಗಿನವನ ವಿಳಾಸ 10.0.2.2, ಕಪ್ಸ್ ಕಿವಿಗೊಡುವ ಪೋರ್ಟು 631. ವಿಳಾಸ ಸರಿಯಿದ್ದೂ ಕಪ್ಸ್ ‘ಬ್ಯಾಡ್ ರಿಕ್ವೆಸ್ಟ್’ ಎಂದು ಅಟ್ಟಿದರೆ ಗಾಬರಿ ಬೇಡ. ತನ್ನನ್ನು ಬೇರೆ ಹೆಸರಿನಿಂದ ಕರೆದರೆ ಅದಕ್ಕೆ ಇಷ್ಟವಾಗುವುದಿಲ್ಲ. ಅದರ ಸೆಟ್ಟಿಂಗ್ ಫೈಲಿನಲ್ಲಿ ‘ಸರ್ವರ್‌ಅಲಿಯಾಸ್’ ಎಂಬ ಸಾಲು ಸೇರಿಸಿದರೆ ಸುಮ್ಮನಾಗುತ್ತದೆ.

ನುಡಿ ಅಕ್ಷರ ಬಳಸುವವರು ಒಂದು ಕಡೆ ಎಚ್ಚರವಾಗಿರಬೇಕು. ಪೋಸ್ಟ್‌ಸ್ಕ್ರಿಪ್ಟ್ ಡ್ರೈವರಿನ ‘ಅಡ್ವಾನ್ಸ್ಡ್’ ಪುಟದಲ್ಲಿ ಟ್ರೂಟೈಪ್ ಅಕ್ಷರಗಳನ್ನು ಏನು ಮಾಡಬೇಕೆಂದು ಕೇಳುತ್ತದೆ. ಪ್ರಿಂಟರಿನ ಸ್ವಂತ ಅಕ್ಷರಗಳಿಗೆ ಬದಲಿಸಬೇಕೆ, ಇಲ್ಲಾ ಇಳಿಸಿ ಕಳಿಸಬೇಕೆ? ಕಣ್ಣು ಮುಚ್ಚಿ ‘ಡೌನ್‌ಲೋಡ್ ಆಸ್ ಸಾಫ್ಟ್‌ಫಾಂಟ್’ ಆರಿಸಿ. ಹಳೆಯ ನುಡಿ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿಕೊಂಡಿವೆ. ಆ ಆಕಾರಗಳು ಪುಟದ ಜೊತೆಗೇ ಪ್ರಯಾಣ ಮಾಡಿದರೆ ಮಾತ್ರ ಆಚೆ ತುದಿಯಲ್ಲಿ ಕನ್ನಡ.

ಒಳಗೆ ಕೂರಿಸುವುದು ಎಕ್ಸ್‌ಪಿಯೇ ಆಗಬೇಕೆಂದೂ ಇಲ್ಲ. ಪೇಜ್‌ಮೇಕರಿನ ಹಂಗಿಲ್ಲದವರು ಪುಟ್ಟದೊಂದು ಡೆಬಿಯನ್ ಲಿನಕ್ಸನ್ನು ಒಳಗಿಟ್ಟು, ಪ್ರಿಂಟರನ್ನು ಅದಕ್ಕೆ ದಾಟಿಸಬಹುದು. ಲೇಸರ್‌ಜೆಟ್ 1018, 1020ಗಳಿಗೆ ರಿಕ್ ರಿಚರ್ಡ್‌ಸನ್ ಎಂಬ ಪ್ರೋಗ್ರಾಮರ್ ಬರೆದ ‘ಫೂ2ಜೆಡ್‌ಜೆಎಸ್’ ಡ್ರೈವರ್ ಇದೆ. ಕಂಪನಿಯಲ್ಲ, ಹೊರಗಿನವರೇ ಬರೆದು ಕೊಟ್ಟದ್ದು ಅದು. ಅಲ್ಲಿಂದ ಕಪ್ಸ್ ಮೂಲಕ ಪ್ರಿಂಟರನ್ನು ಮನೆಯ ವೈಫೈಗೆ ಹಂಚಿದರೆ, ವೈಫೈ ಎಂಬುದನ್ನೇ ಕಾಣದ 1020ಕ್ಕೆ ಮೊಬೈಲಿನಿಂದ ಪ್ರಿಂಟ್ ಹೋಗುತ್ತದೆ. ಒಳಗಿನ ಲಿನಕ್ಸಿಗೆ ಇಂದಿಗೂ ಸುರಕ್ಷತಾ ತಿದ್ದುಪಡಿಗಳು ಬರುವುದರಿಂದ ನೆಟ್‌ವರ್ಕಿಗೆ ಬಿಡಲು ಎಕ್ಸ್‌ಪಿಯಷ್ಟು ಭಯವೂ ಇಲ್ಲ. ಸಾಧ್ಯವಿದ್ದವರಿಗೆ ಎಲ್ಲಕ್ಕಿಂತ ಒಳ್ಳೆಯದು ಇದೇ.

ಎಷ್ಟು ಹಳೆಯದೋ ಅಷ್ಟು ಸುಲಭ

ಇಷ್ಟೆಲ್ಲ ಗೋಜಲು ಇಪ್ಪತ್ತು ವರ್ಷದ ಪ್ರಿಂಟರಿಗೆ ಬೇಕಾದರೆ, ಮೂವತ್ತು ವರ್ಷದ ಡಾಟ್ ಮ್ಯಾಟ್ರಿಕ್ಸಿಗೆ ಇನ್ನೆಷ್ಟು ಬೇಕು ಎಂದು ಹೆದರಬಹುದು. ಆಗುವುದು ತದ್ವಿರುದ್ಧ. ಮಂಡಿಗಳಲ್ಲಿ, ಲಾರಿ ಆಫೀಸುಗಳಲ್ಲಿ ಕಾರ್ಬನ್ ಪ್ರತಿ ಬೇಕಾದಲ್ಲೆಲ್ಲ ಕರ್ರ್‌ಕರ್ರೆನ್ನುವ ಆ ಯಂತ್ರಗಳಿಗೆ ಎಪ್ಸನ್ ಹಾಕಿಕೊಟ್ಟ ಇಎಸ್‌ಸಿ/ಪಿ ಸಂಕೇತಗಳು ಹುಟ್ಟಿನಿಂದಲೇ ಗೊತ್ತು. ಇಂಗ್ಲಿಷ್ ಅಕ್ಷರಗಳನ್ನು ಹಾಗೇ ಕಳಿಸಿದರೆ ಹಾಗೇ ಹೊಡೆಯುತ್ತವೆ, ಡ್ರೈವರಿನ ಮುಖವನ್ನೂ ನೋಡುವುದಿಲ್ಲ. ಲೇಸರಿನಲ್ಲೂ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಬಲ್ಲ ಹಳೆಯ ಭಾರಿ ಲೇಸರ್‌ಜೆಟ್‌ಗಳು ಇಂದಿನ ಯಾವ ಕಂಪ್ಯೂಟರಿಗೂ ಸಾಮಾನ್ಯ ಡ್ರೈವರಿನಲ್ಲೇ ಒಗ್ಗಿಕೊಳ್ಳುತ್ತವೆ. ಬುದ್ಧಿಯನ್ನು ಹೊರಗುತ್ತಿಗೆ ಕೊಟ್ಟ ಅಗ್ಗದ ನಡುಗಾಲದವೇ ಅನಾಥವಾದವು.

ಡಾಟ್ ಮ್ಯಾಟ್ರಿಕ್ಸಿನ ತೊಂದರೆ ಭಾಷೆಯದಲ್ಲ, ಬಾಗಿಲಿನದು. ಅವು ಬಳಸುವುದು 25 ಪಿನ್ನಿನ ಪ್ಯಾರಲಲ್ ಪೋರ್ಟು. ಸೆಂಟ್ರಾನಿಕ್ಸ್ ಕಂಪನಿ 1970ರ ತನ್ನ ಪ್ರಿಂಟರಿಗೆ ಮಾಡಿಕೊಂಡ ಜೋಡಣೆಯ ವಂಶಸ್ಥ. ಇಂದಿನ ಲ್ಯಾಪ್‌ಟಾಪಿನಲ್ಲಿ ಅದಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಯುಎಸ್‌ಬಿ-ಪ್ಯಾರಲಲ್ ಕೇಬಲ್ ಸಿಗುತ್ತದೆ. ಆದರೆ ಅದನ್ನು ವಿಂಡೋಸ್ ಒಂದು ಯುಎಸ್‌ಬಿ ಪ್ರಿಂಟರ್ ಎಂದು ನೋಡುತ್ತದೆಯೇ ಹೊರತು ಎಲ್‌ಪಿಟಿ1, ಅಂದರೆ ಹಳೆಯ ಪ್ಯಾರಲಲ್ ಪೋರ್ಟು, ಎಂದಲ್ಲ. ಫಾಕ್ಸ್‌ಪ್ರೊದಲ್ಲಿ ಬರೆದ ಹಳೆಯ ಬಿಲ್ಲಿಂಗ್ ತಂತ್ರಾಂಶ ಹುಡುಕುವುದು ಎಲ್‌ಪಿಟಿ1 ಒಂದನ್ನೇ. ಎಕ್ಸ್‌ಪಿಯೊಳಗೆ ಆ ಪ್ರಿಂಟರಿಗೆ ಹಂಚಿಕೆಯ ಹೆಸರೊಂದನ್ನು ಕೊಟ್ಟು, ‘ನೆಟ್ ಯೂಸ್’ ಆಜ್ಞೆಯಿಂದ ಎಲ್‌ಪಿಟಿ1ಕ್ಕೆ ಬಂದದ್ದನ್ನೆಲ್ಲ ಆ ಹೆಸರಿಗೆ ತಿರುಗಿಸಿದರೆ ಬಿಲ್ಲು ಹೊರಬರುತ್ತದೆ.

ಯಾವಾಗ ಬೇಡ

ಎಲ್ಲ ಹಳೆಯದನ್ನೂ ಉಳಿಸಬೇಕೆಂದು ನಾನು ಹೇಳುವವನಲ್ಲ. ಹೆಡ್ ಒಣಗಿದ ಇಂಕ್‌ಜೆಟ್, ಫ್ಯೂಸರ್ ಸುಟ್ಟ ಲೇಸರ್ ಇವುಗಳಿಗೆ ವರ್ಚುವಲ್ ಮಷೀನ್ ಕಟ್ಟುವುದು ದಂಡ. ವಿಂಡೋಸ್ 11ರಲ್ಲೇ ಡ್ರೈವರ್ ಸಿಗುವ ಮಾದರಿಯಾದರೆ ಈ ಯಾವ ಸರ್ಕಸ್ಸೂ ಬೇಕಿಲ್ಲ. ಎಲ್‌ಬಿಪಿ 2900ಕ್ಕೆ 64 ಬಿಟ್ ಡ್ರೈವರ್ ಇದೆ, ಮೊದಲು ಅದನ್ನೇ ಪ್ರಯತ್ನಿಸಿ. ಎಕ್ಸ್‌ಪಿಗೆ ಮೈಕ್ರೋಸಾಫ್ಟಿನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ಹಾಗಾಗಿ ಎಕ್ಸ್‌ಪಿ ಇರುವ ವರ್ಚುವಲ್ ಮಷೀನಿಗೆ ಇಂಟರ್ನೆಟ್ ಬೇಡವೇ ಬೇಡ; ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ಕೇಬಲ್ ಕಿತ್ತುಬಿಡಿ. ಎರಡನೆಯ ದಾರಿ ಹಿಡಿದವರಿಗೆ ನೆಟ್‌ವರ್ಕ್ ಬೇಕಲ್ಲ ಎಂದರೆ, ಹೊರಗಿನ ಕಂಪ್ಯೂಟರನ್ನು ಮಾತ್ರ ಮುಟ್ಟುವ ‘ಹೋಸ್ಟ್-ಓನ್ಲಿ’ ಜೋಡಣೆ ಇದೆ. ಅದರಲ್ಲಿ 10.0.2.2ರ ಬದಲು ಬೇರೆ ವಿಳಾಸ ಬರುತ್ತದೆ, ಕಪ್ಸ್‌ಗೂ ಆ ಕಡೆ ಕಿವಿಗೊಡಲು ಹೇಳಬೇಕು, ಅಷ್ಟೇ. ಎಕ್ಸ್‌ಪಿ ಹಳೆಯದಾದ ಮಾತ್ರಕ್ಕೆ ಪುಕ್ಕಟೆಯಾಗಿಲ್ಲ ಎಂಬುದೂ ನೆನಪಿರಲಿ. ಪರವಾನಗಿಯ ಕೀ ಬೇಕೇ ಬೇಕು.

ಎಸೆಯಲೇಬೇಕಾದರೆ ತೂಕಕ್ಕೆ ಹಾಕಬೇಡಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳ ಪಟ್ಟಿಯಲ್ಲಿ ಪ್ರಿಂಟರೂ ಇದೆ, ಅದರ ಕಾರ್ಟ್ರಿಜ್ಜೂ ಇದೆ. ನೋಂದಾಯಿತ ಮರುಬಳಕೆದಾರರಿಗೇ ಹೋಗಬೇಕು.

ಇನ್ನೂ ಉಸಿರಾಡುತ್ತಿರುವ ಎಕ್ಸ್‌ಪಿ ಕಂಪ್ಯೂಟರ್ ನಿಮ್ಮ ಅಂಗಡಿಯಲ್ಲೋ ಮನೆಯಲ್ಲೋ ಇದ್ದರೆ ಅದು ಕೆಡುವವರೆಗೆ ಕಾಯಬೇಡಿ. ಪ್ರಿಂಟರಿನ ಜೊತೆ ಬಂದ ಸಿಡಿಯನ್ನು ಐಎಸ್‌ಒ ಫೈಲಾಗಿ ಮಾಡಿಟ್ಟುಕೊಳ್ಳಿ. ಮೇಲೆ ಗೀರು ಬಿದ್ದ ಸಿಡಿ ಇನ್ನೆಷ್ಟು ದಿನ ಓದಿಸಿಕೊಂಡೀತು ಹೇಳಲಾಗದು. ಮೈಕ್ರೋಸಾಫ್ಟಿನದೇ ‘ಡಿಸ್ಕ್2ವಿಎಚ್‌ಡಿ’ ಎಂಬ ಚಿಕ್ಕ ತಂತ್ರಾಂಶವಿದೆ. ಅದರ ಹಳೆಯ ಆವೃತ್ತಿಗಳು ಎಕ್ಸ್‌ಪಿಯಲ್ಲಿ ಓಡುತ್ತವೆ. ಇಡೀ ಹಾರ್ಡ್‌ಡಿಸ್ಕನ್ನು, ಅದರೊಳಗಿನ ಪೇಜ್‌ಮೇಕರ್, ನುಡಿ, ಡ್ರೈವರ್, ವರ್ಷಗಳ ಫೈಲು ಸಮೇತ, ವರ್ಚುವಲ್‌ಬಾಕ್ಸ್ ತೆರೆಯಬಲ್ಲ ಒಂದೇ ಫೈಲಾಗಿ ಎತ್ತಿಕೊಡುತ್ತದೆ. ಮೊದಲ ಸಲ ತೆರೆದಾಗ ನೀಲಿ ಪರದೆ ಬಂದು 7ಬಿ ಎಂದು ಕೊನೆಯಾಗುವ ಸಂಖ್ಯೆ ಕಂಡರೆ, ಆ ಡಿಸ್ಕನ್ನು ಸಾಟಾದಿಂದ ಬಿಡಿಸಿ ಐಡಿಇಗೆ ಜೋಡಿಸಿ ನೋಡಿ. ಬಹುಪಾಲು ಅಲ್ಲಿಗೇ ಸರಿಹೋಗುತ್ತದೆ. ಶ್ರೀಲಿಪಿಯವರು ಅದರ ಪರವಾನಗಿಯ ಡಾಂಗಲ್ ಮರೆಯಬೇಡಿ. ಯುಎಸ್‌ಬಿಯದಾದರೆ ಪ್ರಿಂಟರಿನ ಹಾಗೇ ಅದಕ್ಕೂ ಒಂದು ಫಿಲ್ಟರ್ ಹಾಕಬೇಕು. ಎಲ್ಲ ಸರಿಹೋದ ಮೇಲೆ ಆ ಫೈಲಿನ ಒಂದು ಪ್ರತಿಯನ್ನು ಬೇರೆ ಡಿಸ್ಕಿನಲ್ಲಿಡಿ. ಮುಂದಿನ ಸಲ ಕಂಪ್ಯೂಟರ್ ಕೆಟ್ಟಾಗ ಹೊಸದಕ್ಕೆ ವರ್ಚುವಲ್‌ಬಾಕ್ಸ್ ಹಾಕಿ ಆ ಪ್ರತಿ ತೆರೆದರೆ ಆಯಿತು, ಡ್ರೈವರ್ ಹುಡುಕುವ ಕೆಲಸ ಇರುವುದಿಲ್ಲ.